ಅವರೆ ಹೊಲದ ಬಂದೂಕು

ಐವತ್ತಮೂರು ವರ್ಷ ತುಂಬುವವರೆಗೆ ಉಷಾರಾಣಿ ಕೈಯಲ್ಲಿ ಹಿಡಿದ ದೊಡ್ಡ ಆಯುಧವೆಂದರೆ ಈಳಿಗೆಮಣೆ ಒಂದೇ. ಹುಣಸೂರಿನ ಪಕ್ಕದ ಹಳ್ಳಿಯಲ್ಲಿ ಹುಟ್ಟಿದವಳು ಗಂಡ ಗೋವಿಂದರಾಜುವಿನ ಜೊತೆ ಡಾಲಸ್ ಮಗ್ಗುಲಿನ ಕ್ಯಾರಲ್ಟನ್ನಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ವಾರದಲ್ಲಿ ಐದು ದಿನ ಶಾಲೆಯೊಂದರ ಅಡುಗೆಮನೆಯಲ್ಲಿ ಮಕ್ಕಳಿಗೆ ಊಟ ಬಡಿಸುವ ಕೆಲಸ. ಭಾನುವಾರ ಅಲೆನ್‌ನಲ್ಲಿರುವ ಮಗಳು ಪ್ರಗತಿಯ ಮನೆಯಲ್ಲಿ, ಆರು ವರ್ಷದ ಮೊಮ್ಮಗಳು ತನ್ವಿಯ ಪಕ್ಕದಲ್ಲಿ ಕೂತು ಊಟ. ಇಂಥ ಹೆಂಗಸು ಬಂದೂಕಿನ ಅಂಗಡಿಯ ಮೆಟ್ಟಿಲು ಹತ್ತಿದಳೆಂದರೆ ಅದಕ್ಕೆ ಕಳ್ಳಕಾಕರ ಭಯವಾಗಲಿ, ಟೆಕ್ಸಸ್ಸಿನ ಗಾಳಿಯಾಗಲಿ ಕಾರಣವಲ್ಲ. ಕಾರಣ ಅವರೆಕಾಯಿ.

ಮೈಸೂರು ಸೀಮೆಯವರಿಗೆ ಚಳಿ ಬಿದ್ದಮೇಲೆ ಸೊಗಡಿನ ಅವರೆಕಾಯಿ ಇಲ್ಲದಿದ್ದರೆ ವರ್ಷವೇ ಸುಳ್ಳು. ಇಲ್ಲಿನ ಅಂಗಡಿಗಳ ಫ್ರೀಜರಿನಲ್ಲಿ ಸಿಗುವ ಕಾಳಿಗೆ ಸೊಗಡೂ ಇಲ್ಲ, ಸುಡುಗಾಡೂ ಇಲ್ಲ. ನಾಲ್ಕು ವರ್ಷದ ಹಿಂದೆ ಪ್ರಾಸ್ಪರ್ ಆಚೆ ದನದ ಮೇವು ಮಾರುವ ಅಂಗಡಿಯೊಂದಕ್ಕೆ ಗೊಬ್ಬರ ತರಲು ಹೋದಾಗ, ಜಿಂಕೆ ಮೇವಿನ ಬೀಜ ಎಂದು ಬರೆದ ಮೂಟೆಯೊಳಗೆ ಸುಮ್ಮನೆ ಕೈ ಹಾಕಿದಳು. ಅಂಗೈ ಬಿಚ್ಚಿ ನೋಡಿದರೆ ಅವರೆ! ಇಲ್ಲಿನವರು ಅದನ್ನು ಬಿತ್ತುವುದು ಜಿಂಕೆಗಳು ಬಂದು ಮೇಯಲಿ ಎಂದು. ಉಷಾರಾಣಿಗೆ ಆ ಜಿಂಕೆಗಳ ಮೇಲೆ ಹೊಟ್ಟೆಕಿಚ್ಚಾಯಿತು.

ಅದೇ ಅಂಗಡಿಯಲ್ಲಿ ಪರಿಚಯವಾದವನು ಹಾವರ್ಡ್. ಎಂಬತ್ತರ ಹತ್ತಿರದ ಮುದುಕ, ಹುಲ್ಲು ಬೆಳೆದು ಮಾರುವವನು. ಜಿಂಕೆ ತಿನ್ನುವುದನ್ನು ಮನುಷ್ಯರು ತಿನ್ನುತ್ತಾರೆಂದು ಕೇಳಿ ಅವನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಹಳ್ಳದ ಪಕ್ಕದ ಎರಡು ಎಕರೆಯನ್ನು ಗುತ್ತಿಗೆಗೆ ಕೊಡಲು ಒಪ್ಪಿದ. ಎಲ್ಲ ಸರಿಯಾಗಿತ್ತು, ಒಂದು ಬಿಟ್ಟು. ಗೇಟಿನ ಕೀಲಿಯನ್ನು ಮುದುಕ ಎಡಗೈಯಲ್ಲಿ ಕೊಟ್ಟ. ಅವನ ಬಲಗೈಯ ಮೂರು ಬೆರಳುಗಳನ್ನು ಹುಲ್ಲಿನ ಯಂತ್ರ ಎಂದೋ ತಿಂದುಹಾಕಿತ್ತು. ಅದು ಕಣ್ಣಿಗೆ ಕಾಣುತ್ತಿದ್ದರೂ ಉಷಾರಾಣಿಗೆ ಮನಸ್ಸು ಒಪ್ಪಲಿಲ್ಲ. ಎಡಗೈಯಲ್ಲಿ ಕೊಟ್ಟದ್ದು ದಕ್ಕುವುದಿಲ್ಲ ಎಂದು ಅವಳ ಅಜ್ಜಿ ದಿನಕ್ಕೆ ಹತ್ತು ಸಲ ಹೇಳಿ ಬೆಳೆಸಿದ್ದಳು. ದಾರಿಯುದ್ದಕ್ಕೂ ಅದನ್ನೇ ಗೊಣಗಿದಳು. ಇನ್ನೇನು ಕಾಲಿನಲ್ಲಿ ಕೊಡಬೇಕಿತ್ತೇ ಎಂದು ಗೋವಿಂದರಾಜು ಕೇಳಿದ್ದಕ್ಕೆ ಮನೆ ಮುಟ್ಟುವತನಕ ಮುಖವನ್ನು ಕಿಟಕಿಯ ಕಡೆಗೇ ತಿರುಗಿಸಿಕೊಂಡು ಕೂತಳು.

ಮೊದಲ ಎರಡು ವರ್ಷ ಬೆಳೆ ಬಂತು. ಸೊಗಡು ಊರಿನದಕ್ಕೆ ಮುಕ್ಕಾಲು ಪಾಲು ಎನ್ನಬಹುದು, ಆದರೆ ಪರದೇಶದಲ್ಲಿ ಮುಕ್ಕಾಲೇ ಪೂರ್ತಿ. ಸುದ್ದಿ ಹೇಗೋ ಹರಡಿತು. ಹೂಸ್ಟನ್ನಿನ ಮೋಹನರಾಜ ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬಂದ. ಆಸ್ಟಿನ್ನಿನಲ್ಲಿ ಓದುವ ಹುಡುಗಿಯರು ಮೂರು ಮಂದಿ ಬಂದು ಹೊಲದಲ್ಲೇ ಕೂತು ಹಸಿಕಾಳು ಬಿಡಿಸಿ ತಿಂದರು. ಶಾಲೆಯ ಅಡುಗೆಮನೆಯಲ್ಲಿ ಉಷಾರಾಣಿಯನ್ನು 'ಮಿಸ್ ಯೂ' ಎಂದು ಕರೆಯುತ್ತಿದ್ದರು, ಪೂರ್ತಿ ಹೆಸರು ಯಾರ ನಾಲಿಗೆಗೂ ಹತ್ತಿರಲಿಲ್ಲ. ಈಗ ಮೂರು ಊರಿನ ಕನ್ನಡದವರಿಗೆ ಅವಳು ಅವರೆಕಾಯಿ ಆಂಟಿ. ಈ ದೇಶದಲ್ಲಿ ತನ್ನದು ಅಂತ ಒಂದು ಇದೆ ಎಂದು ಇಪ್ಪತ್ತು ವರ್ಷದಲ್ಲಿ ಅವಳಿಗೆ ಮೊದಲ ಸಲ ಅನ್ನಿಸಿದ್ದು ಆ ಹೊಲದ ಬದುವಿನ ಮೇಲೆ ನಿಂತಾಗ.

ಮೂರನೆಯ ವರ್ಷ ಅಕ್ಟೋಬರಿನಲ್ಲಿ ಕಾಡುಹಂದಿಗಳು ಬಂದವು. ಒಂದೆರಡಲ್ಲ, ಹದಿನೈದರ ಹಿಂಡು. ಬಳ್ಳಿ ತಿಂದಷ್ಟಕ್ಕೆ ಬಿಡದೆ ನೆಲವನ್ನೇ ಮಗುಚಿ, ಅಲ್ಲಿಂದ ಹಾವರ್ಡನ ಹುಲ್ಲುಗಾವಲಿಗೂ ನುಗ್ಗಿ ಮೊಣಕಾಲುದ್ದ ಗುಂಡಿ ತೋಡಿದವು. ಆ ಗುಂಡಿಯಲ್ಲಿ ಸಿಕ್ಕಿ ಅವನ ಹುಲ್ಲಿನ ಯಂತ್ರದ ಅಚ್ಚು ಮುರಿಯಿತು. ವಿದ್ಯುತ್ ತಂತಿ ಕಟ್ಟಿದರು, ಹಂದಿ ಅದರ ಕೆಳಗೆ ನುಸುಳಿತು. ರೇಡಿಯೋ ಇಟ್ಟು ಕನ್ನಡದ ಹಳೆಯ ಹಾಡು ಹಾಕಿದರು. ಅವು ಹಾಡು ಕೇಳಿಕೊಂಡೇ ಮೇದವು. ಕೊನೆಗೆ ಹಾವರ್ಡ್ ಬೇಸರದಿಂದಲೇ ಹೇಳಿದ. ಹಂದಿಗಳು ಬರುವುದು ನಿನ್ನ ಅವರೆಗೆ. ಇನ್ನೊಂದು ವರ್ಷ ನೋಡುತ್ತೇನೆ. ಬರುವ ಅಕ್ಟೋಬರಿನಲ್ಲೂ ಹೀಗೇ ಆದರೆ ಆ ಎರಡು ಎಕರೆಗೂ ಹುಲ್ಲನ್ನೇ ಬಿತ್ತುತ್ತೇನೆ. ತಡೆಯಬೇಕೆಂದಿದ್ದರೆ ಬಂದೂಕು ಹಿಡಿ, ನನಗೆ ಈ ವಯಸ್ಸಿನಲ್ಲಿ ಚಳಿಯಲ್ಲಿ ಕಾಯುವ ತಾಕತ್ತಿಲ್ಲ ಎಂದ.

ಬಂದೂಕು ಆರಿಸುವ ಜವಾಬ್ದಾರಿಯನ್ನು ಗೋವಿಂದರಾಜು ವಹಿಸಿಕೊಂಡ. ಅವನು ಪ್ಲೇನೋದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟರ್. ಅಂದರೆ ಇನ್ನೊಬ್ಬರು ಮಾಡಿದ್ದರಲ್ಲಿ ತಪ್ಪು ಹುಡುಕಿ ಸಂಬಳ ಎಣಿಸುವವನು. ಕಂಪ್ಯೂಟರಿನಲ್ಲಿ ನಲವತ್ತೆರಡು ಬಂದೂಕುಗಳ ಪಟ್ಟಿ ಮಾಡಿದ, ನಲವತ್ತೆರಡರಲ್ಲೂ ತಪ್ಪು ಕಂಡುಹಿಡಿದ. ಹೂಸ್ಟನ್ನಿನ ಮೋಹನರಾಜನಿಗೆ ಫೋನು ಮಾಡಿದರೆ, ತೆಗೆದುಕೊಂಡರೆ ತಾನೇ ತೋಟಾ ತುಂಬಿಕೊಳ್ಳುವ ದೊಡ್ಡ ಬಂದೂಕೇ ತೆಗೆದುಕೊಳ್ಳಿ ಎಂದ. ಅವನು ಜೀವಮಾನದಲ್ಲಿ ಹಾರಿಸಿದ್ದು ದೀಪಾವಳಿಯ ರಾಕೆಟ್ ಮಾತ್ರ. ಅಳೆದೂ ಸುರಿದೂ ಜೂನ್ ಕಳೆಯಿತು, ಜುಲೈ ಕಳೆಯಿತು. ಹೊಲದಲ್ಲಿ ಅವರೆ ಬಳ್ಳಿ ಮೊಳಕಾಲಿಗೆ ಬಂತು, ಮನೆಯಲ್ಲಿ ಪಟ್ಟಿ ಅರವತ್ತಕ್ಕೆ ಹೋಯಿತು.

ಬೇಸತ್ತ ಉಷಾರಾಣಿ ಒಂದು ಶನಿವಾರ ಹಾವರ್ಡನ ಜಗಲಿಯಲ್ಲಿ ಕೂತು ನೇರವಾಗಿ ಕೇಳಿದಳು. ಮುದುಕ ಹತ್ತು ನಿಮಿಷದಲ್ಲಿ ಮುಗಿಸಿದ. ರೈಫಲ್ ಬೇಡವೇ ಬೇಡ. ರಸ್ತೆಯಾಚೆ ಹೊಸ ಮನೆಗಳು ಎದ್ದಿವೆ, ಅದರ ಗುಂಡು ಮೈಲಿಗಟ್ಟಲೆ ಹೋಗುತ್ತದೆ. ಜೋಡಿ ನಳಿಕೆಯದು ನೋಡಲು ಚೆಂದ, ಬೆಲೆ ಕೇಳಿದರೆ ನಿದ್ದೆ ಬರುವುದಿಲ್ಲ. ಒಂಟಿ ನಳಿಕೆಯದು ಅಗ್ಗ, ಆದರೆ ಮೊದಲನೇದು ತಪ್ಪಿದರೆ ಎರಡನೇದಕ್ಕೆ ಹಂದಿ ಕಾಯುವುದಿಲ್ಲ. ತಾನೇ ತುಂಬಿಕೊಳ್ಳುವುದಕ್ಕೆ ದುಡ್ಡೂ ಹೆಚ್ಚು, ಆರೈಕೆಯೂ ಹೆಚ್ಚು. ಕೈಯಿಂದ ಹಿಂದಕ್ಕೆ ಮುಂದಕ್ಕೆ ಎಳೆದು ತೋಟಾ ಏರಿಸುವ ಪಂಪ್ ಬಂದೂಕು ತೆಗೆದುಕೋ. ಕೆಸರಲ್ಲಿ ಬಿದ್ದರೂ ಎದ್ದು ಕೆಲಸ ಮಾಡುತ್ತದೆ. ಹನ್ನೆರಡು ಗೇಜಿನದು ನಿನ್ನಂಥ ಐದಡಿಯವಳ ಭುಜಕ್ಕೆ ಒದೆಯುತ್ತದೆ, ನಳಿಕೆ ಸಣ್ಣದಾದ ಇಪ್ಪತ್ತು ಗೇಜಿನದು ಸಾಕು. ಸಣ್ಣ ಚರೆ ಹಾಕಿದರೆ ಸೆಪ್ಟೆಂಬರಿನ ಬೇಟೆಯಲ್ಲಿ ಪಾರಿವಾಳ, ಒಂಟಿಗುಂಡು ಹಾಕಿದರೆ ಹತ್ತಿರದ ಹಂದಿ. ಚರೆ ಹರಡುವುದನ್ನು ಹಿಡಿತದಲ್ಲಿಡುವ ನಳಿಕೆ ತುದಿಯ ತಿರುಗಣೆ ಬಳೆ ಬದಲಿಸಿಕೊಂಡರೆ ಆಯಿತು.

ಉಷಾರಾಣಿಗೆ ಇದು ಚೆನ್ನಾಗಿ ಅರ್ಥವಾಯಿತು. ಒಗ್ಗರಣೆಗೂ ಅದೇ, ಪಾಯಸಕ್ಕೂ ಅದೇ ಅನ್ನುವಂಥ ಬಾಣಲೆ ಬೇಕೆಂದರೆ ಬೆಳ್ಳಿಯದನ್ನು ಯಾರೂ ಕೊಳ್ಳುವುದಿಲ್ಲ. ಮಾರನೆಯ ದಿನವೇ ನಾನೂರು ಡಾಲರಿನೊಳಗೆ ಇರಬೇಕೆಂದು ಹೇಳಿ ಗಂಡನನ್ನು ಅಂಗಡಿಗೆ ಎಳೆದುಕೊಂಡು ಹೋದಳು. ಅಂಗಡಿಯ ನರೆಗೂದಲಿನ ಹೆಂಗಸು ನಾಲ್ಕಾರು ಬಂದೂಕು ತೆಗೆದಿಟ್ಟು, ಮೊದಲು ಕೇಳಿದ್ದೇ ನೀವು ಬಲಗೈಯವರೋ ಎಡಗೈಯವರೋ ಎಂದು. ಉಷಾರಾಣಿಗೆ ಸಣ್ಣಗೆ ಸಿಟ್ಟೇ ಬಂತು. ಮರ್ಯಾದಸ್ಥ ಹೆಂಗಸನ್ನು ಕೇಳುವ ಮಾತೇ ಇದು? ಬಲಗೈ ಎಂದಳು. ಮೋಟು ಬುಡದ, ಹಗುರವಾದ, ಇಪ್ಪತ್ತು ಗೇಜಿನ ಪಂಪ್ ಬಂದೂಕು ಅವಳ ಭುಜಕ್ಕೆ ಅಳೆದು ಮಾಡಿದಂತೆ ಕೂತಿತು. ಗೋವಿಂದರಾಜು ಅದರ ಸೇಫ್ಟಿ ಗುಂಡಿ ಪಕ್ಕದಲ್ಲಿಲ್ಲದೆ ನೆತ್ತಿಯ ಮೇಲೆ ಯಾಕಿದೆ ಎಂದು ತಕರಾರು ತೆಗೆದ. ಯಾವ ಕೈಯವರಿಗೂ ಆಗಲಿ ಅಂತ ಎಂದಳು ಅಂಗಡಿಯವಳು. ಫಾರಂ ತುಂಬಿ, ತಪಾಸಣೆ ಮುಗಿಸಿ, ಸುರಕ್ಷತೆಯ ಪಾಠವನ್ನೂ ಓದಿ, ಆಗಸ್ಟ್ ನಡುವಿಗೆ ಉಷಾರಾಣಿ ಬಂದೂಕಿನ ಯಜಮಾನಿಯಾದಳು.

ಆದರೆ ಹೊಡೆತ ಬೀಳಬೇಕಲ್ಲ.

ಗುರಿ ಕಲಿಸಲೆಂದು ಹಾವರ್ಡ್ ಹಳ್ಳದ ದಿಬ್ಬದ ಕಡೆಗೆ ಕಿತ್ತಳೆ ಬಣ್ಣದ ಮಣ್ಣಿನ ಬಿಲ್ಲೆಗಳನ್ನು ಎಸೆಯುತ್ತಿದ್ದ. ಇಪ್ಪತ್ತೈದಕ್ಕೆ ಎರಡು ಒಡೆದರೆ ಅದೇ ಹಬ್ಬ. ನಿಲ್ಲುವ ರೀತಿ ಸರಿಯಿತ್ತು, ಹೆದರಿಕೆ ಹೋಗಿತ್ತು, ಆದರೂ ಚರೆ ಬಿಲ್ಲೆಯ ಪಕ್ಕಕ್ಕೇ ಹೋಗುತ್ತಿತ್ತು. ನಿಲ್ಲಿಸಿಟ್ಟ ರಟ್ಟಿನ ಹಂದಿಗೆ ಇಪ್ಪತ್ತು ಹೆಜ್ಜೆಯಿಂದ ಒಂಟಿಗುಂಡು ಹೊಡೆದರೆ ಅದೂ ಪಕ್ಕಕ್ಕೇ. ಗೋವಿಂದರಾಜು ಬಂದೂಕಿನಲ್ಲೇ ಬಗ್ ಇದೆ ಎಂದು ತೀರ್ಮಾನಿಸಿ, ತುದಿಯ ಬಳೆ ಬದಲಿಸಿದ, ಬೇರೆ ಬೇರೆ ತೋಟಾ ತಂದ, ಕೊನೆಗೆ ವಾಪಸ್ ಕೊಟ್ಟು ಪಟ್ಟಿಯ ಹದಿನೇಳನೇದನ್ನು ತರೋಣ ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಬಿಡಿ ಎಂದಳು ಉಷಾರಾಣಿ. ಬಂದೂಕನ್ನು ಅವಳು ದೂರಲಿಲ್ಲ, ತನ್ನನ್ನೇ ದೂರಿಕೊಂಡಳು. ಪಾರಿವಾಳದ ಬೇಟೆಯ ಕಾಲ ಬಂದು ಅರ್ಧ ಮುಗಿಯಿತು. ಬಲ ಭುಜ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಸೆಪ್ಟೆಂಬರ್ ಕೊನೆಗೆ ಅವರೆ ಹೂ ಬಿಟ್ಟಿತು, ಹಳ್ಳದ ಆಚೆ ದಂಡೆಯಲ್ಲಿ ಹಂದಿಯ ಹೆಜ್ಜೆಗಳೂ ಕಂಡವು. ಅವತ್ತು ಹೊಲದ ಬದುವಿನ ಮೇಲೆ ನಿಂತವಳಿಗೆ ಕಣ್ಣು ತುಂಬಿ ಬಂತು. ಇದೂ ಹೋಗುತ್ತದೆ, ಎಡಗೈಯಲ್ಲಿ ಕೊಟ್ಟದ್ದಲ್ಲವೇ ಎಂದುಕೊಂಡಳು.

ಆ ಭಾನುವಾರ ಅಲೆನ್‌ನಲ್ಲಿ ಊಟಕ್ಕೆ ಕೂತಾಗಲೂ ಮನಸ್ಸು ನೆಟ್ಟಗಿರಲಿಲ್ಲ. ತನ್ವಿ ಎಂದಿನಂತೆ ಎಡಗೈಯಲ್ಲಿ ಚಪಾತಿ ಮುರಿದಳು. ಉಷಾರಾಣಿ ಎಂದಿನಂತೆ ಅವಳ ಮಣಿಕಟ್ಟಿನ ಮೇಲೆ ಎರಡು ಬೆರಳಿನಿಂದ ತಟ್ಟಿ, ಆ ಕೈ ಅಲ್ಲ ಪುಟ್ಟಿ ಎಂದಳು. ಇವತ್ತು ತಟ್ಟಿದ್ದು ಸ್ವಲ್ಪ ಜೋರಾಯಿತು. ಪ್ರಗತಿ ತಾಯಿಯ ಮುಖ ನೋಡಿ, ಬಿಡಮ್ಮ ಎಂದಷ್ಟೇ ಹೇಳಿದಳು. ಈ ಮಾತು ಆ ಮನೆಯಲ್ಲಿ ಹಳೆಯದಾಗಿತ್ತು.

ಅಕ್ಟೋಬರ್ ಮೊದಲ ಶನಿವಾರ ಸಂಜೆ ಇನ್ನೂ ಬೆಳಕಿರುವಾಗಲೇ, ಹಳ್ಳದ ಆಚೆ ಮೇಡಿನಲ್ಲಿ ಹಂದಿಗಳು ಕಾಣಿಸಿಕೊಂಡವು. ಉಷಾರಾಣಿ ಹಾವರ್ಡನ ಪಕ್ಕದಲ್ಲಿ ನಿಂತಿದ್ದಳು, ಬಂದೂಕು ಗಾಡಿಯಲ್ಲಿತ್ತು. ಅಗೋ ಅಲ್ಲಿ ಎಂದು ಕನ್ನಡದಲ್ಲೇ ಅಂದು, ಒಂದು ಕಣ್ಣು ಮುಚ್ಚಿ, ಬೆರಳು ಚಾಚಿ ತೋರಿಸಿದಳು. ಹಾವರ್ಡ್ ಹಂದಿಗಳ ಕಡೆ ನೋಡಲಿಲ್ಲ. ಅವಳ ಕೈಯನ್ನೇ ನೋಡುತ್ತ ನಿಂತ. ಅವಳು ಚಾಚಿದ್ದು ಎಡಗೈ, ಮುಚ್ಚಿದ್ದು ಬಲಗಣ್ಣು.

"ನೀನು ಯಾವ ಕೈಯವಳು?" ಎಂದು ಕೇಳಿದ.

"ಬಲಗೈ."

"ಹಾಗಂತ ಯಾರು ಹೇಳಿದ್ದು?"

ಉಷಾರಾಣಿ ಚಾಚಿದ ತನ್ನ ಕೈಯನ್ನು ತಾನೇ ನೋಡಿಕೊಂಡಳು. ಮುದುಕ ಅವಳ ಎರಡೂ ಅಂಗೈ ಕೂಡಿಸಿ ನಡುವೆ ಸಣ್ಣ ಕಿಂಡಿ ಮಾಡಿಸಿ, ಅದರೊಳಗಿಂದ ದೂರದ ಗಾಳಿಯಂತ್ರ ನೋಡಲು ಹೇಳಿದ. ಆಮೇಲೆ ಒಂದೊಂದೇ ಕಣ್ಣು ಮುಚ್ಚಿಸಿದ. ಎಡಗಣ್ಣು ಮುಚ್ಚಿದರೆ ಗಾಳಿಯಂತ್ರ ಕಿಂಡಿಯಿಂದ ಮಾಯವಾಗುತ್ತಿತ್ತು. ಬಲಗಣ್ಣು ಮುಚ್ಚಿದರೆ ಅಲ್ಲೇ ಇರುತ್ತಿತ್ತು. ಬೆರಳುಗಳನ್ನು ಕಳೆದುಕೊಂಡ ಕಾಲಕ್ಕೆ ತಾನೂ ಎಡಭುಜಕ್ಕೆ ಬಂದೂಕು ಬದಲಿಸಿಕೊಂಡವನು, ಅದಕ್ಕೇ ಈ ಸಂಗತಿ ತನಗೆ ಗೊತ್ತು ಎಂದ. ಬಂದೂಕನ್ನು ಬಲಭುಜಕ್ಕೆ ಏರಿಸಿ ಎಡಗಣ್ಣಿನಿಂದ ಗುರಿ ನೋಡುತ್ತಿದ್ದೀಯ, ಗುಂಡು ಪಕ್ಕಕ್ಕಲ್ಲದೆ ಇನ್ನೆಲ್ಲಿ ಹೋದೀತು ಎಂದ. ಇಷ್ಟು ದಿನ ಬರೀ ನಿನ್ನ ಕಾಲು ನೋಡುತ್ತಿದ್ದೆ, ಮುಖ ನೋಡಲಿಲ್ಲ, ತಪ್ಪು ನನ್ನದೂ ಇದೆ ಎಂದ.

ಅಲ್ಲೇ ಬದುವಿನ ಮೇಲೆ ಕೂತುಬಿಟ್ಟಳು ಉಷಾರಾಣಿ. ನಲವತ್ತೆಂಟು ವರ್ಷದ ಹಿಂದಿನ ಒಂದು ಬಟ್ಟೆ ಚೂರು ನೆನಪಿಗೆ ಬಂತು. ಅಜ್ಜಿಯ ಹಳೆಯ ಸೀರೆಯ ಅಂಚು, ಕೆಂಪು ಬಣ್ಣದ್ದು. ಊಟಕ್ಕೆ ಕೂರಿಸುವಾಗ ಅಜ್ಜಿ ಅದರಿಂದ ಅವಳ ಎಡಗೈಯನ್ನು ಸೊಂಟಕ್ಕೆ ಕಟ್ಟುತ್ತಿದ್ದಳು. ಶಾಲೆಯಲ್ಲಿ ಬಳಪ ಎಡಗೈಗೆ ಬಂದರೆ ಮೇಷ್ಟ್ರ ಅಡಿಕೋಲು ಗೆಣ್ಣಿನ ಮೇಲೆ ಬೀಳುತ್ತಿತ್ತು. ಎರಡು ವರ್ಷದಲ್ಲಿ ಕೈ ಬದಲಾಯಿತು. ಬದಲಾದದ್ದನ್ನು ಮನೆಯವರೂ ಮರೆತರು, ಅವಳೂ ಮರೆತಳು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಬೇರೆಯವರ ಮಕ್ಕಳ ವಿಷಯದಲ್ಲಿ ಆಡಿಕೊಳ್ಳುತ್ತಿದ್ದ ಅಜ್ಜಿಗೆ ಅದು ತನ್ನ ಮೊಮ್ಮಗಳಿಗೂ ಸಲ್ಲುವ ಮಾತೆಂದು ಹೊಳೆದಿರಲಿಲ್ಲ. ಅಜ್ಜಿ ಕೆಟ್ಟವಳಲ್ಲ. ಪ್ರೀತಿಯಿಂದಲೇ ಕಟ್ಟುತ್ತಿದ್ದಳು, ಬಿಚ್ಚಿದ ಮೇಲೆ ಬೆಲ್ಲ ಕೊಡುತ್ತಿದ್ದಳು. ಅದು ನೆನಪಾಗಿಯೇ ಉಷಾರಾಣಿಗೆ ಅಳು ಬಂದದ್ದು. ಹಾವರ್ಡ್ ಏನೂ ಕೇಳದೆ ಗಾಡಿಯಿಂದ ನೀರಿನ ಬಾಟಲಿ ತಂದು ಎಡಗೈಯಲ್ಲಿ ಕೊಟ್ಟ. ಅವಳು ಎಡಗೈಯಲ್ಲೇ ತೆಗೆದುಕೊಂಡಳು.

ಬೇರೆ ಬಂದೂಕು ಕೊಳ್ಳಬೇಕಾಗಲಿಲ್ಲ. ಗೋವಿಂದರಾಜು ತಕರಾರು ತೆಗೆದಿದ್ದ ನೆತ್ತಿಯ ಮೇಲಿನ ಗುಂಡಿ ಎಡ ಹೆಬ್ಬೆರಳಿಗೂ ಅಷ್ಟೇ ಸಲೀಸಾಗಿ ಸಿಕ್ಕಿತು. ಖಾಲಿ ತೋಟಾ ಮಾತ್ರ ಮೂಗಿನ ಮುಂದೆ ಅಡ್ಡ ಹಾರಿಹೋಗುತ್ತಿತ್ತು. ಕನ್ನಡಕ ಹಾಕಿಕೊಂಡರೆ ಅದೇನೂ ತೊಂದರೆಯಲ್ಲ. ಮಾರನೆಯ ವಾರ ಎಡಭುಜಕ್ಕೆ ಏರಿಸಿ ನಿಂತಳು. ಮೊದಲ ಇಪ್ಪತ್ತೈದಕ್ಕೆ ಒಂಬತ್ತು ಒಡೆದವು, ಎರಡನೇ ಇಪ್ಪತ್ತೈದಕ್ಕೆ ಹದಿನಾಲ್ಕು. ಕಿತ್ತಳೆ ಚೂರುಗಳು ದಿಬ್ಬದ ಮೇಲೆ ಉದುರುವುದನ್ನು ನೋಡುತ್ತ ಗೋವಿಂದರಾಜು ನಿಂತಿದ್ದ. ಆಮೇಲೆ ಫೋನು ತೆಗೆದು ಅರವತ್ತು ಬಂದೂಕಿನ ಪಟ್ಟಿಯನ್ನು ಅಳಿಸಿಹಾಕಿದ.

"ಮೂವತ್ತು ವರ್ಷ ಜೊತೆಗಿದ್ದೀನಿ, ನಂಗೂ ಗೊತ್ತಾಗ್ಲಿಲ್ವಲ್ಲೇ ಉಷಾ" ಎಂದ.

"ನಂಗೇ ಗೊತ್ತಿರ್ಲಿಲ್ಲ ಕಣ್ರೀ, ನಿಮಗೆಲ್ಲಿ ಗೊತ್ತಾಗ್ಬೇಕು" ಎಂದಳು.

ಅಕ್ಟೋಬರ್ ಮೂರನೆಯ ಶನಿವಾರ ಬೆಳಗಿನ ಜಾವ ಹಿಂಡು ಹಳ್ಳ ದಾಟಿ ಬಂತು. ಉಷಾರಾಣಿ ದಿಬ್ಬಕ್ಕೆ ಎದುರಾಗಿ ಹುಲ್ಲಿನ ಪೆಂಡಿಯ ಹಿಂದೆ ಕೂತಿದ್ದಳು. ಗುಂಡು ತಪ್ಪಿದರೂ ಮಣ್ಣಿಗೇ ಹೋಗಲಿ ಎಂದು ಹಾವರ್ಡ್ ಆರಿಸಿಕೊಟ್ಟಿದ್ದ ಜಾಗ. ಬೆಳಕು ಮೂಡಿ ಬಳ್ಳಿಯ ಹೂ ಕಾಣುವಷ್ಟಾಗಿತ್ತು. ಮುಂದಿದ್ದ ಹೆಣ್ಣುಹಂದಿ ಬದು ಹತ್ತಿ, ಮೂತಿ ತಗ್ಗಿಸಿ ನೆಲ ಉಳತೊಡಗಿತು. ಉಷಾರಾಣಿ ಎಡಗೈಯಲ್ಲಿ ಬಂದೂಕಿನ ಹಿಡಿ ಹಿಡಿದು ಎಡಭುಜಕ್ಕೆ ಆನಿಸಿದಳು. ಆ ಕೈಗೆ ತನ್ನ ಕೆಲಸ ಗೊತ್ತಿತ್ತು. ಇಪ್ಪತ್ತು ಹೆಜ್ಜೆಗೆ ಬಂದಾಗ ಉಸಿರು ಬಿಗಿಹಿಡಿದು ಒಂದೇ ಗುಂಡು ಹೊಡೆದಳು. ಹಂದಿ ಅಲ್ಲೇ ಕುಸಿಯಿತು, ಹಿಂಡು ಚೆಲ್ಲಾಪಿಲ್ಲಿಯಾಗಿ ಹಳ್ಳಕ್ಕೆ ಧುಮುಕಿತು. ಹೊಡೆದದ್ದಕ್ಕೆ ಅವಳಿಗೆ ಒಂದು ಗಳಿಗೆ ಸಂಕಟವಾಯಿತು. ಹತ್ತಿರ ಹೋಗಿ, ಸತ್ತ ಪ್ರಾಣಿಗೆ ಕೈಮುಗಿದು, ಆಮೇಲೆ ಗಂಡನನ್ನು ಕರೆದಳು.

ಅದಾದ ಮೇಲೆ ಇನ್ನೂ ಮೂರು ಬೆಳಗು ಕೂತಳು, ಇನ್ನೆರಡು ಹಂದಿ ಬಿದ್ದವು. ಹಂದಿ ಜಾಣ ಪ್ರಾಣಿ. ಈ ಹೊಲದ ಸಹವಾಸ ಬೇಡವೆಂದು ಹಿಂಡು ಹಳ್ಳದ ಕೆಳಗೆ ಎರಡು ಮೈಲಿ ಆಚೆಗೆ ಹೋಯಿತೆಂದು ಹಾವರ್ಡ್ ವಿಚಾರಿಸಿಕೊಂಡು ಬಂದ. ಮೊದಲ ಹಂದಿಯ ಅರ್ಧ ಹಾವರ್ಡ್ ಮಾಂಸವನ್ನು ಹೊಗೆಯಲ್ಲಿ ಒಣಗಿಸುವ ಗೂಡಿಗೆ ಹೋಯಿತು, ಇನ್ನರ್ಧಕ್ಕೆ ಉಷಾರಾಣಿ ಹಿತಕಿದ ಅವರೆಬೇಳೆ ಹಾಕಿ ಸಾರು ಮಾಡಿದಳು. ಅವರೆ ತಿನ್ನಲು ಬಂದದ್ದು ಅವರೆಯ ಜೊತೆಗೇ ಬೇಯಲಿ ಎಂದು ಗೋವಿಂದರಾಜು ಎರಡೆರಡು ಸಲ ಬಡಿಸಿಕೊಂಡ. ಜಿಂಕೆ ಮೇವು ಇಷ್ಟು ರುಚಿಯೆಂದು ಎಂಬತ್ತು ವರ್ಷ ಯಾರೂ ಹೇಳಲಿಲ್ಲವಲ್ಲ ಎಂದು ಹಾವರ್ಡ್ ಬಟ್ಟಲು ಒರೆಸಿ ತಿಂದ. ತಿಂದು ಮುಗಿಸಿ, ಬರುವ ವರ್ಷಕ್ಕೂ ಹೊಲ ನಿನ್ನದೇ ಎಂದು ಎಡಗೈ ಚಾಚಿದ. ಉಷಾರಾಣಿ ತನ್ನ ಎಡಗೈ ಕೊಟ್ಟು ಕುಲುಕಿದಳು. ನವೆಂಬರ್ ಮೊದಲ ವಾರ ಹೂಸ್ಟನ್ನಿನಿಂದ ಎರಡು ಕಾರು, ಆಸ್ಟಿನ್ನಿನಿಂದ ಒಂದು ಬಂದವು.

ಆ ಭಾನುವಾರ ಅಲೆನ್‌ಗೆ ಹೊಸ ಅವರೆಕಾಯಿಯ ಚೀಲ ಹೊತ್ತುಕೊಂಡು ಹೋದಳು. ಹೊಲದ ಕೆಲಸದಲ್ಲಿ ನಾಲ್ಕು ಭಾನುವಾರ ತಪ್ಪಿಹೋಗಿದ್ದವು. ಪ್ರಗತಿ ಒಲೆಯ ಮುಂದೆ ಅಕ್ಕಿರೊಟ್ಟಿ ತಟ್ಟುತ್ತಿದ್ದಳು, ಉಳಿದವರು ಕೂತರು. ತನ್ವಿ ಎಡಗೈಯಲ್ಲಿ ರೊಟ್ಟಿ ಮುರಿದು ಸಾರಿಗೆ ಅದ್ದಿದಳು. ಅದ್ದಿ, ತಲೆಯೆತ್ತಿ ಅಜ್ಜಿಯ ಮುಖ ನೋಡಿದಳು. ಉಷಾರಾಣಿ ಏನೂ ಅಂದಿರಲಿಲ್ಲ, ಬೆರಳೂ ಅಲ್ಲಾಡಿಸಿರಲಿಲ್ಲ. ಆದರೂ ಮಗು 'ಸಾರಿ, ಅಜ್ಜಿ' ಎಂದು ತುತ್ತನ್ನು ಬಲಗೈಗೆ ಬದಲಿಸಿಕೊಂಡು, ಎಡಗೈಯನ್ನು ತಾನಾಗಿಯೇ ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತಿತು.

ಉಷಾರಾಣಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟಳು. ಇಲ್ಲಿ ಕೆಂಪು ಬಟ್ಟೆ ಯಾರೂ ಕಟ್ಟಿರಲಿಲ್ಲ. ಅದರ ಕೆಲಸವನ್ನು ಅವಳ ಎರಡು ಬೆರಳು ಮಾಡಿದ್ದವು. ಎದ್ದು ಹೋಗಿ ಮಗುವಿನ ಪಕ್ಕದಲ್ಲಿ ಮಂಡಿಯೂರಿ, ತೊಡೆಯ ಕೆಳಗಿನಿಂದ ಆ ಪುಟ್ಟ ಕೈಯನ್ನು ಹೊರಗೆ ತೆಗೆದಳು. ಅದಕ್ಕೆ ಒಂದು ಮುತ್ತು ಕೊಟ್ಟು ತುತ್ತನ್ನು ಅದರೊಳಗೆ ಇಟ್ಟಳು.

"ಈ ಕೈನಲ್ಲೇ ತಿನ್ನು ಕಂದ. ಅಜ್ಜಿ ಹೇಳಿದ್ದು ತಪ್ಪು" ಎಂದಳು.

ತನ್ವಿ ನಂಬಲಾಗದೆ ಅಮ್ಮನ ಕಡೆ ನೋಡಿದಳು. ಪ್ರಗತಿ ಒಲೆಯ ಕಡೆ ತಿರುಗಿ ನಿಂತಿದ್ದಳು, ರೊಟ್ಟಿ ಸೀಯುವ ವಾಸನೆ ಬರುತ್ತಿತ್ತು. ಉಷಾರಾಣಿ ತನ್ನ ತಟ್ಟೆಯ ಮುಂದೆ ಮತ್ತೆ ಕೂತು, ಹೆಚ್ಚುಕಮ್ಮಿ ಐವತ್ತು ವರ್ಷದ ನಂತರ ಎಡಗೈಯಲ್ಲಿ ರೊಟ್ಟಿ ಮುರಿದಳು. ಸಾರು ಅರ್ಧ ಸೀರೆಯ ಮೇಲೆ ಚೆಲ್ಲಿತು. ಮೊಮ್ಮಗಳು ನಕ್ಕು, ತನ್ನ ತಟ್ಟೆಯನ್ನು ಅಜ್ಜಿಯ ಹತ್ತಿರಕ್ಕೆ ಎಳೆದುಕೊಂಡು, ಹೇಗೆ ಹಿಡಿಯಬೇಕೆಂದು ತೋರಿಸಿಕೊಟ್ಟಳು.